ಸುಮಿತ್ರಾ ಟೀಚರರ ಶನಿವಾರದ ಈಜು

“ಈ ಶಾಲೆಯ ಒಂದು ಮಗೂನೂ ಈಜು ಕಲೀದೆ ಹತ್ತನೇ ಕ್ಲಾಸು ದಾಟಲ್ಲ,” ಎಂದು ಸುಮಿತ್ರಾ ಟೀಚರು ಬಹಳ ವರ್ಷಗಳ ಹಿಂದೆ ಪರೇಲಿನ ಚಾಳೊಂದರಲ್ಲಿ ಚನ್ನವ್ವನಿಗೆ ಮಾತು ಕೊಟ್ಟಿದ್ದರು. ಬೈಕುಲ್ಲಾದ ನಮ್ಮ ಕನ್ನಡ ಶಾಲೆಯಿಂದ ಈಗ ನಿವೃತ್ತರಾಗುತ್ತಿರುವ ಅವರು ಈ ನಗರದ ದೈಹಿಕ ಶಿಕ್ಷಕರಲ್ಲಿ ವಿರಳರು. ಖೋಖೋ ಕಪ್ಪುಗಳನ್ನು ಗೆಲ್ಲಿಸಿದವರು ಹಲವರಿದ್ದಾರೆ. ಸಮುದ್ರದಿಂದ ಜೀವಂತವಾಗಿ ಹೊರಬರುವುದನ್ನು ಕಲಿಸಿದವರು ನಮಗೆ ಇವರೊಬ್ಬರೇ.

ಅವರು ಸೇರಿದ ವರ್ಷವೇ ಶಾಲೆಯ ಪಿಕ್‌ನಿಕ್ ಮಢ್ ಐಲ್ಯಾಂಡಿನ ಕಡಲತೀರಕ್ಕೆ ಹೋಗಿತ್ತು. ಮಕ್ಕಳನ್ನು ಸಾಲಾಗಿ ಕೈ ಹಿಡಿಸಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸುವುದು ಆಗಿನ ಹೆಡ್‌ಮಾಸ್ತರರ ಪದ್ಧತಿ. ಲೋಕಲ್ ರೈಲು ಹತ್ತಿಸುವಾಗ ಒದಗುತ್ತಿದ್ದ ಆ ಪದ್ಧತಿ ಸಮುದ್ರದಲ್ಲಿ ಒದಗಲಿಲ್ಲ. ಕಾಲಡಿಯ ಮರಳು ಜಾರಿ ತುದಿಯ ಹುಡುಗಿಯನ್ನು ಸೆಳೆತ ಎಳೆದಾಗ, ಪಕ್ಕದಲ್ಲಿದ್ದ ಚನ್ನವ್ವನ ಮಗಳು ಶೀತಲ ಹಿಡಿದ ಕೈ ಬಿಡಲಿಲ್ಲ. ಇಬ್ಬರೂ ಕೊಚ್ಚಿಹೋದರು. ಮೀನುಗಾರರ ದೋಣಿಗೆ ಒಬ್ಬಳು ಜೀವಂತ ಸಿಕ್ಕಳು. ಅವಳು ಶೀತಲ ಅಲ್ಲ.

“ನಮ್ಮ ಶೀತಲ ಹೇಳಿದ್ ಮಾತ್ ಕೇಳಾಕಿ ಇದ್ಲರಿ, ಬಾಯಾರ. ಕೈ ಬಿಡಬ್ಯಾಡ ಅಂದ್ರಿ, ಬಿಡಲಿಲ್ಲ,” ಎಂದಳು ಚನ್ನವ್ವ. ಟೀಚರು ಮಾತು ಕೊಟ್ಟದ್ದು ಆಗಲೇ.

ಅಂದಿನಿಂದ ಪ್ರತಿ ಶನಿವಾರ ಮುನ್ಸಿಪಾಲಿಟಿಯ ಈಜುಕೊಳ. ಹೆಣ್ಣುಮಕ್ಕಳಿಗೆ ಮೈತುಂಬ ಮುಚ್ಚುವ ಈಜುಡುಗೆಯನ್ನು ತಾವೇ ಹೊಲಿದು, ಹಿಂದಿರುಗುವಾಗ ಲೋಕಲಿನಲ್ಲಿ ತಮ್ಮ ಟವೆಲಿನಿಂದ ಒಬ್ಬೊಬ್ಬರ ತಲೆ ಒರೆಸಿ, ನೆಗಡಿಯ ನೆಪ ಹೇಳಲು ತಾಯಂದಿರಿಗೆ ಎಡೆ ಕೊಡದಂತೆ ಮನೆ ಮುಟ್ಟಿಸುತ್ತಿದ್ದರು. ಅವರ ಸ್ವಂತ ಮಗ ಕಿಶೋರ ವಿಲೆ ಪಾರ್ಲೆಯ ಮನೆಯಲ್ಲಿ ಊಟಕ್ಕೆ ಕಾದು ಕುಳಿತಿರುತ್ತಿದ್ದ.

ಕೊಳದಲ್ಲಿ ಟೀಚರ ಪಾಠ ಇದು: “ಸೆಳೆತಕ್ಕೆ ಸಿಕ್ಕಿದ್ರೆ ದಡದ ಕಡೆ ಗುದ್ದಾಡ್ಬೇಡಿ. ಅಂಗಾತ ತೇಲಿ, ಕೈ ಎತ್ತಿ ಕೂಗಿ. ಶಕ್ತಿ ಇದ್ರೆ ದಡದ ಉದ್ದಕ್ಕೇ ಈಜಿ. ಗೆಳತಿ ಹೋದ್ಲು ಅಂತ ಹಿಂದೆ ಹಾರ್ಬೇಡಿ. ತೇಲೋದು ಏನಾದ್ರೂ ಎಸೀರಿ. ಮಳೆಗಾಲದಲ್ಲಂತೂ ಇಳೀಲೇಬೇಡಿ!”

ಹಳೆಯ ವಿದ್ಯಾರ್ಥಿನಿ ಲಾವಣ್ಯಾ ಮದುವೆಯಾದ ಮೇಲೆ ಅಂಡಮಾನಿನಿಂದ ಫೋನ್ ಮಾಡಿದ್ದಳು: “ಟೀಚರ್, ಸೆಳೆತಕ್ಕೆ ಸಿಕ್ಕಿದ್ದೆ, ಮೈ ಬಚ್ ಗಯೀ, ಬದುಕ್ಕೊಂಡೆ. ತೇಲಿದೆ, ಅಷ್ಟೇ!” ಟೀಚರಿಗೆ ಸಂದ ಪ್ರಶಸ್ತಿ ಅದೊಂದೇ.

ಐದು ವರ್ಷಗಳ ಹಿಂದೆ ಆಡಳಿತ ಮಂಡಳಿ ಶನಿವಾರವನ್ನು ಕೋಚಿಂಗ್ ಕ್ಲಾಸಿಗೆ ಕೊಟ್ಟಿತು. “ನೀರಾಗ ಮಾರ್ಕ್ಸ್ ಬರ್ತಾವೇನ್ರಿ, ಬಾಯಾರ?” ಎಂದು ಕಾರ್ಯದರ್ಶಿ ಗುರುಬಸವ ಅವರು ನಕ್ಕರು.

“ಮಾರ್ಕ್ಸ್ ಬರಲ್ಲ ಸಾರ್, ಮಕ್ಕಳು ಮನೆಗೆ ಬರ್ತಾರೆ.”

ಶನಿವಾರವನ್ನು ಮರಳಿ ಕೊಡಿ ಎಂದು ಟೀಚರು ವರ್ಷವರ್ಷವೂ ಕೇಳಿದರು. ವರ್ಷವರ್ಷವೂ ಮಂಡಳಿಯ ತೀರ್ಮಾನ ಮುಂದಕ್ಕೆ ಹೋಯಿತು. ಈ ಅಭಿನಂದನ ಗ್ರಂಥಕ್ಕೆ ಮಾತ್ರ ಮಂಡಳಿ ಮೊದಲ ಸಭೆಯಲ್ಲೇ ಒಪ್ಪಿಗೆ ಕೊಟ್ಟಿತು. ಅದೇ ಸಭೆಯಲ್ಲಿ ಕಾರ್ಯದರ್ಶಿಗಳು, “ನಿಮ್ಮ ನೆಪ್ಪಿಗೆ ಹುಡುಗರ್ನ ಬೀಚಿಗೆ ಒಯ್ಯೂಣ್ರಿ. ಕೈ ಕೈ ಹಿಡಿಸಿ ನಿಲ್ಲಿಸಿದ್ರಾತು,” ಎಂದರು.

ಟೀಚರು ಎದ್ದು ನಿಂತರು. “ಹಾಗಾದ್ರೆ ನನಗೆ ಶಾಲೂ ಬೇಡ, ಹಾರಾನೂ ಬೇಡ.” ಪಿಕ್‌ನಿಕ್ ನಿಂತಿತು. ಈಜು ಮರಳಿ ಬರಲಿಲ್ಲ.

ಸುಮಿತ್ರಾ ಟೀಚರಿಗೆ ಆಯುರಾರೋಗ್ಯ ತುಂಬಿ ಬರಲಿ. ಅವರನ್ನು ಕರೆದು ಒಂದು ಶನಿವಾರ ಕೊಡುವ ಬುದ್ಧಿ ಬೇರೆ ಯಾವ ಶಾಲೆಗಾದರೂ ಬರಲಿ. ನಮ್ಮಲ್ಲಿ ಈ ವರ್ಷ ಹತ್ತನೆಯ ತರಗತಿ ದಾಟಿದ ಯಾವ ಮಗುವಿಗೂ ಶಾಲೆ ಈಜು ಕಲಿಸಿಲ್ಲ. ಚನ್ನವ್ವನಿಗೆ ಕೊಟ್ಟ ಮಾತು ಮುರಿದಿದೆ.