ವೆಲ್ಡರನ ಮನೆಯ ಮೆಟ್ಟಿಲು

ಸನತ್‌ನಗರದ ಕಾರ್ಖಾನೆ ಶೆಡ್ಡುಗಳ ಹಿಂದಿನ ಗಲ್ಲಿಯಲ್ಲಿ, ಎರಡನೇ ಮಹಡಿಯ ಬಾಡಿಗೆ ಕೋಣೆ ಬಂಡೆಮ್ಮನದು. ಹೋಗಿಬರಲು ಹೊರಗೋಡೆಗೆ ಆನಿಸಿದ ಕಬ್ಬಿಣದ ಮೆಟ್ಟಿಲೇ ಗತಿ. ಹದಿನಾಲ್ಕನೇ ಮೆಟ್ಟಿಲಿನ ಬೆಸುಗೆ ಒಂದು ಕಡೆ ಬಿಟ್ಟು ತಿಂಗಳಾಗಿತ್ತು. ಗಂಡ ಬೂದೆಪ್ಪ ವೆಲ್ಡರ್. ಮಣಿಕೊಂಡದ ದೊಡ್ಡ ಕಟ್ಟಡಗಳ ಬಾಲ್ಕನಿಗೆ ಗ್ರಿಲ್ ಕೂಡಿಸುತ್ತಿದ್ದ.

"ಐತಾರ ಮಾಡ್ತೀನಂದೆನಲ್ಲ," ಅನ್ನುತ್ತಿದ್ದ. ನಾಲ್ಕು ಭಾನುವಾರ ಹೋದವು.

ಆ ಮಂಗಳವಾರ ಬೆಳಗ್ಗೆ ಅತ್ತೆ ಬಸಲಿಂಗಮ್ಮ ಕೊಡ ಹಿಡಿದು ನೀರಿಗೆ ಇಳಿದಳು. ಕೊಡ ಉರುಳಿದ ಸದ್ದಿಗೆ ಬಂಡೆಮ್ಮ ಓಡಿಬಂದಳು. ಹದಿನಾಲ್ಕನೇ ಮೆಟ್ಟಿಲು ಕಿತ್ತು ಜೋತಾಡುತ್ತಿತ್ತು. ಮುದುಕಿಯ ಒಂದು ಕಾಲು ತೊಡೆಯವರೆಗೆ ಸಂದಿನಲ್ಲಿ ಇಳಿದಿತ್ತು. ಎರಡೂ ಕೈ ಕಂಬಿಯನ್ನು ತಬ್ಬಿದ್ದವು.

"ಕೈ ಬಿಡಬ್ಯಾಡ್ರಿ ಅತ್ತಿ!"

ಬಂಡೆಮ್ಮ ಕೂತುಕೊಂಡೇ ಒಂದೊಂದು ಮೆಟ್ಟಿಲು ಜಾರಿದಳು. ಕಬ್ಬಿಣ ಕಿರುಗುಟ್ಟಿದಾಗಲೆಲ್ಲ ಅಲ್ಲೇ ತಡೆದು ಕಂಬಿ ಹಿಡಿದಳು. ಕೊನೆಗೆ ಅತ್ತೆಯ ರಟ್ಟೆ ಕೈಗೆ ಸಿಕ್ಕಿತು. ಎಳೆದು ಮೇಲೆ ತಂದು ಕೂಡಿಸಿದಳು. ಕಾಲಿನ ಮೀನಖಂಡ ಸುಲಿದು ನೆತ್ತರು ಇಳಿಯುತ್ತಿತ್ತು.

ಫೋನು ಮಾಡಿದರೆ ಬೂದೆಪ್ಪ, "ಎಲುಬು ಮುರದಿಲ್ಲಲ್ಲ? ಈಗ ಬಿಟ್ಟು ಬಂದ್ರ ಸೇಠ್ ನಾಳಿಗಿ ಬ್ಯಾರೆಯವರನ್ನ ತರ್ತಾನ," ಎಂದು ಇಟ್ಟುಬಿಟ್ಟ.

ಗಾಯಕ್ಕೆ ಬಟ್ಟೆ ಸುತ್ತಿ, ತಾನು ಬರುವವರೆಗೆ ಇಳಿಯಬೇಡಿರೆಂದು ಅತ್ತೆಗೆ ಹೇಳಿ, ಕಂಬಿಗೆ ಜೋತು ಸಂದು ದಾಟಿ ಬಂಡೆಮ್ಮ ಬಸ್ಸು ಹಿಡಿದಳು.

ಮಣಿಕೊಂಡದಲ್ಲಿ ತಲೆ ಎತ್ತಿದರೆ, ಆರನೇ ಅಂತಸ್ತಿನಲ್ಲಿ ಗಂಡ ಅರ್ಧ ಮೈ ಹೊರಚಾಚಿ ಬೆಸುಗೆ ಹಾಕುತ್ತಿದ್ದ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳ ಗಂಟಲಲ್ಲೇ ಉಳಿಯಿತು. ಕೂಗಿದರೆ ಬೆಚ್ಚಿಬಿದ್ದಾನು. ಅವನು ಒಳಗೆ ಸರಿಯುವವರೆಗೂ ಬಾಯಿಗೆ ಸೆರಗು ಒತ್ತಿ ನಿಂತಳು.

ಕೆಳಗೆ ಬಂದವನೇ, "ಇಲ್ಲಿಗ್ಯಾಕ ಬಂದಿ? ಮಂದ್ಯಾಗ ಮಾನ ಕಳೀತಿ?" ಅಂದ.

"ನಿಮ್ಮವ್ವ ಮ್ಯಾಲ ಕುಂತಾರ. ಇಳಿಯಾಕ ದಾರಿ ಇಲ್ಲ. ನೀವ ಬಂದು ಇಳಸ್ರಿ."

ಬೂದೆಪ್ಪ ಸೇಠ್ ಅನ್ನುವ ಗುತ್ತಿಗೆದಾರ ರವಿಶಂಕರ್ ಏನು ಗಲಾಟೆ ಎಂದು ಹತ್ತಿರ ಬಂದ. ಬೂದೆಪ್ಪ ಏನಿಲ್ಲವೆಂದ. ಬಂಡೆಮ್ಮ ತನಗೆ ಬಂದಷ್ಟು ಹಿಂದಿಯಲ್ಲಿ ಎಲ್ಲ ಹೇಳಿದಳು. ರವಿಶಂಕರ್ ಗಡಿಯಾರ ನೋಡಿ, ಸಣ್ಣ ವೆಲ್ಡಿಂಗ್ ಮಷೀನು ಒಯ್ಯಿ, ಮೂರರೊಳಗೆ ಬಾರದಿದ್ದರೆ ನಾಳೆ ಬರಬೇಡ ಅಂದ.

ಮಷೀನನ್ನು ಆಟೋದಲ್ಲಿ ಹಾಕಿಕೊಂಡು ಇಬ್ಬರೂ ಮನೆಗೆ ಬಂದರು. ಮೆಟ್ಟಿಲಿನ ಅಂಚಿಗೆ ಅಂಟಿದ್ದ ತಾಯಿಯ ನೆತ್ತರನ್ನು ಬೂದೆಪ್ಪ ಅಂಗಿಯ ತೋಳಿನಿಂದ ಒರೆಸಿದ. ಬೆಸುಗೆ ಹಾಕಿ ಮುಗಿಸಿ, ಉಳಿದವನ್ನು ಸುತ್ತಿಗೆಯಿಂದ ಒಂದೊಂದಾಗಿ ಬಡಿದು ನೋಡತೊಡಗಿದ. ಫೋನು ಬಡಿದುಕೊಳ್ಳುತ್ತಿತ್ತು.

"ಮೂರಾಗಾಕ ಬಂತು. ಹೋಗ್ರಿ," ಅಂದಳು ಬಂಡೆಮ್ಮ.

"ಹದಿನಾರನೇದೂ ಬಿಟ್ಟೈತಿ," ಎಂದು ಮುಖಕ್ಕೆ ಕರಿಗಾಜು ಹಿಡಿದ.

ಸಂಜೆ ತಾಯಿಯ ಕೈಹಿಡಿದು ಇಳಿಸಿ ಆಸ್ಪತ್ರೆಗೆ ಕರೆದೊಯ್ದ. ಮರುದಿನ ಅವನ ಜಾಗದಲ್ಲಿ ಬೇರೊಬ್ಬನಿದ್ದ. ನಾಚಾರಂನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಗಲು ಹನ್ನೆರಡು ದಿನ ಹಿಡಿಯಿತು. ಹೆಂಡತಿಯೊಂದಿಗೆ ನೆಟ್ಟಗೆ ಮಾತಾಡಲೂ ಅಷ್ಟೇ ದಿನ.