ಅತ್ತೆಯ ಕೋಣೆಯ ಬೆಳಕು

ನಮ್ಮ ಮನೆಯವರನ್ನು ಅವರ ಕಚೇರಿಯಲ್ಲಿ ಬೆನ್ನ ಹಿಂದೆ ‘ಆರಿಸಪ್ಪ’ ಎನ್ನುತ್ತಾರೆ. ಎದುರಿಗೆ ಸರ್. ಅವರು ಆರ್ಕಿಟೆಕ್ಟ್. ಹಗಲು ಹೊತ್ತು ಯಾರೂ ಲೈಟು ಹಾಕಬಾರದು, ಉರಿಯುವುದು ಕಂಡರೆ ಆರಿಸಲೇಬೇಕು ಎನ್ನುವುದು ಅವರ ಹುಚ್ಚು. ಯಾವುದೇ ಕಟ್ಟಡಕ್ಕೂ ಮೊದಲು ರಟ್ಟಿನ ಮಾದರಿ ಮಾಡಿ, ತಾರಸಿಗೆ ಒಯ್ದು, ಬಿಸಿಲಿಗೆ ಹಿಡಿದು, ತೂತಿನಲ್ಲಿ ಒಂದು ಕಣ್ಣಿಟ್ಟು ನೋಡುತ್ತಾರೆ. ಬೆಳಕು ಒಳಗೆ ಎಲ್ಲಿಯವರೆಗೆ ಬರುತ್ತದೆ ಎಂಬ ಲೆಕ್ಕ. ಎದುರುಮನೆಯಾಕೆ ಇದನ್ನು ಅಪಾರ್ಥ ಮಾಡಿಕೊಂಡು ಬಹಳ ದಿನ ಬಟ್ಟೆ ಒಣಹಾಕಲು ಮೇಲೆ ಬರಲಿಲ್ಲ.

ಅವರು ಕಟ್ಟಿಸಿದ ಒಂದು ಕಚೇರಿಯಲ್ಲಿ ಗುಮಾಸ್ತರು ಮೊದಲ ದಿನವೇ ಪರದೆ ಎಳೆದು ಲೈಟು ಹಾಕಿಕೊಂಡು ಕೂತರು. ಕಂಪ್ಯೂಟರಿಗೆ ಬಿಸಿಲು ಹೊಡೆಯುತ್ತದಂತೆ. ಇವರು ಅವತ್ತು ಊಟ ಬಿಟ್ಟರು.

“ಪರದೆ ಹಾಕೋದಾದ್ರೆ ಕಿಟಕಿ ಯಾಕೆ ಬೇಕಿತ್ತು? ಗೋಡೆನೇ ಕಟ್ಟಿಸ್ಕೊಡ್ತಿದ್ನಲ್ಲ!” ಎಂದು ನನ್ನ ಮೇಲೆ ಹಾರಾಡಿದರು. ನಾನೇನು ಅಲ್ಲಿಯ ಗುಮಾಸ್ತಳೇ? ಅಂದಿನಿಂದ ನಮ್ಮ ಮನೆಯಲ್ಲಿ ಪರದೆ ಎಂಬ ಮಾತನ್ನೇ ಎತ್ತುವಂತಿಲ್ಲ.

ಇನ್ನು ನಮ್ಮತ್ತೆ. ದರ್ಜಿಗಳು ಕಳಿಸುವ ಅಂಗಿಗಳಿಗೆ ಕೈಯಲ್ಲೇ ಕಾಜಾ ಹೊಲಿದು ಗುಂಡಿ ಹಾಕಿಕೊಡುತ್ತಾರೆ. ಮಾವ ಹೋದ ಮೇಲೆ ಅದೇ ಸೂಜಿಯಿಂದ ಮಗನನ್ನು ಓದಿಸಿದವರು. ಈಗ ಅದರ ಅಗತ್ಯವಿಲ್ಲ. ಆದರೆ ಬಿಡಿ ಎಂದರೆ, “ಕೈ ಸುಮ್ನಿದ್ರೆ ನಾನು ಸತ್ತಂಗೆ ಕಣೇ” ಎನ್ನುತ್ತಾರೆ. ಒಂದು ದಿನ ಮಗನನ್ನು ಕರೆದು, “ಯಾಕೋ ಈ ಕೋಣೇಲಿ ಬೆಳಕೇ ಸಾಲ್ದು ಮಗಾ” ಎಂದರು.

ಅಷ್ಟು ಸಾಕಾಯಿತು. ಮರುದಿನವೇ ಗಾರೆಯವನು ಬಂದ. ಕಿಟಕಿ ಅಗಲವಾಯಿತು. ಅತ್ತೆ ಸೂಜಿ ಹಿಡಿದು ಕೂತು, “ಪರವಾಗಿಲ್ಲ, ಇನ್ನೊಂಚೂರು ಬೇಕು” ಎಂದರು. ಗೋಡೆ, ಚಾವಣಿಗೆಲ್ಲ ಬಿಳಿ ಬಣ್ಣ ಬಂತು. ಬಿಸಿಲು ಅದಕ್ಕೆ ಬಡಿದು, ಚಾವಣಿಗೆ ಚಿಮ್ಮಿ, ಅಲ್ಲಿಂದ ಒಳಗಿಳಿಯಲೆಂದು ಕಿಟಕಿಗೆ ಅಡ್ಡಡ್ಡ ಒಂದು ಬಿಳಿ ಹಲಗೆ ಬಂತು. ಇನ್ನೂ ಸಾಲದು. ಮನೆಯೆಲ್ಲ ಧೂಳು, ಊಟದಲ್ಲಿ ಮರಳು. ಸಾಕು ಮಾಡಿ ಎಂದರೆ, “ಅಮ್ಮಂಗೊಂದು ಕೋಣೆ ಬೆಳಗೋಕಾಗ್ದೋನು ನಾನ್ಯಾವ ಸೀಮೆ ಆರ್ಕಿಟೆಕ್ಟು!” ಎಂದರು. ಕೊನೆಗೆ ಚಾವಣಿಯನ್ನೇ ಕೊರೆಸಿ ಗಾಜು ಕೂರಿಸಿದರು.

ಅವತ್ತು ನೆತ್ತಿ ಸುಡುವ ಬಿಸಿಲು. ಮನೆಯವರು ಬೆಳಕು ಅಳೆಯುವ ಮೀಟರನ್ನು ಅತ್ತೆಯ ಮಡಿಲಲ್ಲಿದ್ದ ಅಂಗಿಯ ಮೇಲಿಟ್ಟರು. ಅವರ ಯಾವ ಕಟ್ಟಡದಲ್ಲೂ ಅಷ್ಟು ಬಂದಿರಲಿಲ್ಲವಂತೆ.

“ಹೆಂಗಿದೆ ಅಮ್ಮಾ?”

ಅತ್ತೆ ತಲೆಯೆತ್ತಿ ನೇರ ಗಾಜಿನ ಕಡೆ ನೋಡಿದರು. “ಚೆನ್ನಾಗಿದೆ ಕಣೋ. ಇವತ್ತು ಮೋಡ ಮುಚ್ಕೊಂಡಿದೆಯಲ್ಲ, ನಾಳೆ ಸರಿಯಾಗಿ ಗೊತ್ತಾಗುತ್ತೆ.”

ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಮನೆಯವರು ಮೀಟರು ನೋಡಿದರು, ಆಕಾಶ ನೋಡಿದರು, ಆಮೇಲೆ ಅಂಗಿಯನ್ನು ಎತ್ತಿ ನೋಡಿದರು. ಕಾಜಾಗಳು ಒಂದೊಂದು ಒಂದೊಂದು ದಿಕ್ಕಿಗೆ ಸೊಟ್ಟಗಿದ್ದವು.

“ಯಾವಾಗಿಂದಮ್ಮಾ?”

“ಕಣ್ಣು ಕಾಣಲ್ಲ ಅಂದ್ರೆ ಸೂಜಿ ಕಿತ್ಕೊಂಡು ಮೂಲೇಲಿ ಕೂರಿಸ್ತೀರಲ್ಲೋ” ಎನ್ನುತ್ತ ಅತ್ತೆ ಅಂಗಿಯನ್ನು ಮಗನ ಕೈಯಿಂದ ಎಳೆದುಕೊಂಡರು. “ಕೋಣೆ ಕತ್ತಲೆ ಅಂದ್ರೆ ಅಲ್ಲಿಗೆ ಮುಗೀತು ಅಂದ್ಕೊಂಡೆ. ನೀನು ಮನೇನೇ ಒಡೀತೀಯ ಅಂತ ಯಾರಿಗೆ ಗೊತ್ತಿತ್ತು?”

ಡಾಕ್ಟರು ಟಾರ್ಚು ಬಿಟ್ಟು ನೋಡಿ, ಎರಡೂ ಕಣ್ಣಲ್ಲಿ ಪೊರೆ ಬಲಿತಿದೆ, ತಡವಾಗಿದೆ, ತೆಗೆದು ನೋಡೋಣ ಎಂದರು. ಆಪರೇಷನ್ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಹಾಡಹಗಲೇ ಸಾಲುಸಾಲು ಲೈಟು ಉರಿಯುತ್ತಿದ್ದವು. ಸ್ವಿಚ್ಚು ಮನೆಯವರ ಭುಜದ ಪಕ್ಕದಲ್ಲೇ ಇತ್ತು. ಅವರು ಅದನ್ನು ನೋಡಲೂ ಇಲ್ಲ. ಎಷ್ಟು ಹೆದರಿದ್ದಾರೆ ಎಂದು ನನಗೆ ಆಗ ತಿಳಿಯಿತು.

ಎರಡನೇ ಕಣ್ಣೂ ವಾಸಿಯಾದ ಮೇಲೆ, ಡಾಕ್ಟರು ಸರಿ ಎಂದ ದಿನ, ಅತ್ತೆ ತಮ್ಮ ಕೋಣೆಯಲ್ಲಿ ಕೂತು ಸೂಜಿಗೆ ತಾವೇ ದಾರ ಪೋಣಿಸಿದರು. ಒಂದೇ ಸಲಕ್ಕೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಮನೆಯವರು ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಕಿಟಕಿ ನೋಡಿದರು, ಹಲಗೆ ನೋಡಿದರು, ಚಾವಣಿಯ ಗಾಜು ನೋಡಿದರು.

“ಅಯ್ಯೋ, ಇದೇನೋ ಇದು! ಮನುಷ್ಯರು ಕೂರೋ ಜಾಗಾನಾ? ಕಣ್ಣು ಕುಕ್ಕುತ್ತೆ. ಒಂದು ಪರದೆ ಹಾಕೋ!”

ಇನ್ನು ಹಾರಾಟ ಶುರು ಎಂದು ನಾನು ಗೋಡೆಗೆ ಒರಗಿ ನಿಂತೆ. ಮನೆಯವರು ಏಣಿ ತಂದು, ಹತ್ತಿ, ಅಳತೆಪಟ್ಟಿ ಬಿಚ್ಚಿದರು.

“ದಪ್ಪ ಬಟ್ಟೇದು ಬೇಕಾ ಅಮ್ಮಾ, ತೆಳ್ಳಗಿಂದು ಸಾಕಾ?” ಎಂದು ಕೇಳಿದರು.