ತಲೆಯಲ್ಲಾಡಿಸಿದ ಸೌರಫಲಕ

"ಮೇಡಂ, ಇದು ಸೂರ್ಯನ್ನ ನೋಡ್ತಾನೇ ಇಲ್ಲ! ಬೇಡ ಬೇಡ ಅಂತ ಬರೀ ತಲೆ ಅಲ್ಲಾಡಿಸ್ತಿದೆ!"

ಕಾಲೇಜಿನ ಮಹಡಿಯ ಮೇಲೆ ಒಬ್ಬ ವಿದ್ಯಾರ್ಥಿನಿ ಹೀಗೆ ಕೂಗಿ ಹನ್ನೊಂದು ವರ್ಷವಾಯಿತು. ಆ ಕೂಗಿಗೆ ಓಗೊಟ್ಟವರು, ಮೂವತ್ನಾಲ್ಕು ವರ್ಷ ವಿದ್ಯುತ್ ವಿಭಾಗಕ್ಕೆ ಕಳೆ ತಂದು, ನೂರಾರು ಎಂಜಿನಿಯರುಗಳ ಕೈ ಪಳಗಿಸಿ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ. ಅವರ ಪಾಂಡಿತ್ಯದ ಬಗ್ಗೆ ಓದುಬಲ್ಲವರು ಈ ಅಭಿನಂದನಾ ಸಂಪುಟದಲ್ಲಿ ಧಾರಾಳವಾಗಿ ಬರೆದಿದ್ದಾರೆ. ನಾನು ವರ್ಕ್‌ಶಾಪಿನ ವೆಲ್ಡರ್. ಕಬ್ಬಿಣ ಕಲಿಸಿದಷ್ಟೇ ನನ್ನ ವಿದ್ಯೆ. ಆದರೆ ನಾನು ಕೆಲಸಕ್ಕೆ ಸೇರಿದ ವಾರವೇ ಶೆಡ್ಡಿಗೆ ಬಂದು, "ಅಣ್ಣಾ, ಬೆಸುಗೆ ಹಾಕೋದು ನನಗೂ ಹೇಳಿಕೊಡಿ, ನನಗೇ ಗೊತ್ತಿಲ್ಲದ್ದನ್ನ ಮಕ್ಕಳಿಗೇನು ಹೇಳಲಿ?" ಎಂದು ಕೇಳಿ, ಕೋಟಿನ ತೋಳಿಗೆ ಎರಡು ತೂತು ಬೀಳಿಸಿಕೊಂಡು ಖುಷಿಯಾಗಿ ಹೋದವರು ಅವರೊಬ್ಬರೇ.

ಆ ವರ್ಷ ಮೂವರು ಹುಡುಗಿಯರು ಸೂರ್ಯನ ಜೊತೆ ತಿರುಗುವ ಸೌರಫಲಕ ಕಟ್ಟಿದರು. ಚೌಕಟ್ಟು ನನ್ನದು. ನೆತ್ತಿಯಲ್ಲಿ ಬೆಳಕು ಅಳೆಯುವ ಎರಡು ಪುಟ್ಟ ಕಣ್ಣು, ನಡುವೆ ಮೂಗಿನ ಹಾಗೆ ಒಂದು ಕಪ್ಪು ತಗಡು. ಯಾವ ಕಣ್ಣಿಗೆ ಬೆಳಕು ಹೆಚ್ಚೋ ಮೋಟಾರು ಆ ಕಡೆ ತಿರುಗಿಸುತ್ತದೆ, ಸಮವಾದರೆ ನಿಲ್ಲುತ್ತದೆ. ಹದಿನೈದು ದಿನ ಚೊಕ್ಕವಾಗಿ ನಡೆದದ್ದು, ಹೊರಗಿನ ಪರೀಕ್ಷಕರು ಬಂದು ಪೆನ್ನಿನ ಮುಚ್ಚಳ ತೆಗೆದ ಹೊತ್ತಿಗೆ ಈ ತಲೆ ಅಲ್ಲಾಡಿಸುವ ಆಟ ಹೂಡಿತು. ನೆಟ್ಟಗಾಗದಿದ್ದರೆ ಮೂವರಿಗೂ ಒಂದು ವರ್ಷ ಮಣ್ಣುಪಾಲು.

"ಹತ್ತು ನಿಮಿಷ ಕೊಡಿ ಸರ್," ಎಂದ ಮೇಡಂ ತಾವು ಯಂತ್ರ ಮುಟ್ಟಲಿಲ್ಲ. "ನಿನ್ನೆ ಇಲ್ಲದ್ದು ಇವತ್ತು ಏನಿದೆ, ನೋಡ್ರಮ್ಮಾ."

ಪರೀಕ್ಷೆಗೆ ಅಂದವಾಗಿರಲೆಂದು ಬೆಳಿಗ್ಗೆ ಯಾರನ್ನೂ ಕೇಳದೆ ಆ ಮೂಗಿಗೆ ಫಳಫಳ ಬೆಳ್ಳಿ ಬಣ್ಣ ಬಳಿದವನು ನಾನೇ.

"ಬಣ್ಣ... ನಾನು ಹೊಡೆದದ್ದು ಮೇಡಂ."

"ಅಯ್ಯೋ ಅಣ್ಣಾ, ಕನ್ನಡಿ ಮಾಡಿಟ್ಟಿದ್ದೀರಲ್ಲ!" ಎಂದಳು ಕೂಗಿದ ಹುಡುಗಿ. "ಚೂರು ವಾಲಿದ್ರೂ ಬಿಸಿಲು ಇದಕ್ಕೆ ಬಡಿದು ಒಂದೇ ಕಣ್ಣಿಗೆ ಚುಚ್ಚುತ್ತೆ. ಫಲಕ ಆ ಕಡೆ ಓಡಿ ಹದ ದಾಟುತ್ತೆ, ಮತ್ತೆ ಈ ಕಡೆ ಓಡುತ್ತೆ."

"ಇವರಿಗ್ಯಾಕೆ ಬೇಕಿತ್ತು ಈ ಉಸಾಬರಿ?" ಎಂದರು ಪರೀಕ್ಷಕರು.

"ಕಪ್ಪು ಯಾಕೆ ಅಂತ ನಾನು ಅವರಿಗೆ ಹೇಳಿರಲಿಲ್ಲ ಸರ್. ತಪ್ಪು ನನ್ನದು," ಎಂದರು ಮೇಡಂ.

ಹುಡುಗಿಯರು ಕಪ್ಪು ಟೇಪು ಸುತ್ತಿದರು. ಫಲಕ ಸೂರ್ಯನ ಎದುರು ಗಪ್ಪನೆ ನಿಂತಿತು. ಮೂವರೂ ಪಾಸಾದರು. ಅಲ್ಲಿಂದೀಚೆಗೆ ಪ್ರತಿ ಪ್ರಾಜೆಕ್ಟಿನ ಮೊದಲ ಸಭೆಯಲ್ಲಿ ಮುಂದಿನ ಬೆಂಚಿನ ತುದಿ ನನ್ನದು. ಯಾಕೆ, ಹೇಗೆ ಎಂದು ಕೇಳುವ ಹಕ್ಕೂ ನನ್ನದು. ಮೇಡಂ ಹಾಗೆಂದು ಎಲ್ಲರೆದುರು ಹೇಳಿಬಿಟ್ಟಿದ್ದರು.

ಅವರು ನೂರು ಕಾಲ ಬಾಳಲಿ. ಬಾಳಿದಷ್ಟು ದಿನವೂ ಅವರ ಕೈಗೆ ಕೆಲಸದ ಮಸಿ ಒಂದಿಷ್ಟು ಅಂಟಿರಲಿ.

ಮೊನ್ನೆ ಇಬ್ಬರೂ ಮಹಡಿಗೆ ಹೋದೆವು. ಫಲಕ ಇನ್ನೂ ಅಲ್ಲೇ ಇದೆ. ಮೇಡಂ ಅದರ ಮುಂದೆ ನಿಂತರು. ಅದು ಮುಖ ತಿರುಗಿಸಿಕೊಂಡಿತು.

"ಏನಣ್ಣಾ, ಮತ್ತೆ ಬಣ್ಣ ಹೊಡೆದ್ರಾ?"

"ಈ ಸಲ ನಾನಲ್ಲ ಮೇಡಂ. ನಿಮ್ಮ ನೆರಳು ಅದರ ಒಂದು ಕಣ್ಣಿಗೆ ಬಿದ್ದಿದೆ."

ಅವರು ನಗುತ್ತಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಫಲಕ ಸಣ್ಣಗೆ ಗುರ್ ಎಂದು ತಿರುಗಿ, ಬಿಸಿಲಿಗೆ ನೆಟ್ಟಗೆ ನಿಂತಿತು.